ಮನೋಳಿಯಲ್ಲಿ ಮಣ್ಣಾದ ಅಂಟು

ಬೈಲಹೊಂಗಲ
ರವಿವಾರ, 3 ಅಕ್ಟೋಬರ್ 2004

ಮುದ್ದಿನ ಮಗಳು ಹಿನಾಕೌಸರಳಿಗೆ ನಿನ್ನ ಅಬ್ಬಾನ ಸಲಾಮು ಮತ್ತು ಮನಸ್ಸು ತುಂಬಿದ ದುವಾ.

ಹೇಗಿದ್ದೀ ಬೇಟಾ? ಕಳೆದ ತಿಂಗಳು ಫೋನು ಮಾಡಿದಾಗ ನಿನ್ನ ದನಿ ಕಟ್ಟಿತ್ತು. ಕೆಮ್ಮು ಹೋಯಿತೇ? ಪುಣೆಯ ಮಳೆಯಲ್ಲಿ ಛತ್ರಿ ಇಲ್ಲದೆ ತಿರುಗಬೇಡ ಎಂದರೆ ಕೇಳುವವಳಲ್ಲ ನೀನು. ಹಾಸ್ಟೆಲ್ಲಿನ ಸಾರು ಇನ್ನೂ ನೀರಿನಂತೆಯೇ ಇದೆಯೇ? ನಿನ್ನ ಅಮ್ಮ ಈ ಪತ್ರದ ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಎರಡನ್ನೂ ಕಟ್ಟಿಕೊಟ್ಟಿದ್ದಾಳೆ. ಕೋಣೆಯ ಹುಡುಗಿಯರಿಗೂ ಕೊಟ್ಟು ತಿನ್ನು. ನಾವೆಲ್ಲ ಆರಾಮಾಗಿದ್ದೇವೆ. ನನ್ನ ಮೊಣಕಾಲು ಮಾತ್ರ ಮೊದಲಿನಂತೆ ಮಡಚುವುದಿಲ್ಲ. ನಮಾಜಿಗೆ ಕುರ್ಚಿ ಹಾಕಿಕೊಳ್ಳುವ ಕಾಲ ಬಂತು ಎಂದು ನಿನ್ನ ಅಣ್ಣ ಶಾನವಾಜ ಚೇಷ್ಟೆ ಮಾಡುತ್ತಾನೆ. ಅವನ ಟೆಂಪೋ ಚೆನ್ನಾಗಿ ಓಡುತ್ತಿದೆ. ಅಂಗಡಿಯಲ್ಲಿ ಕಾಲೇಜಿನ ಲೈಬ್ರರಿಯ ಹಳೆಯ ಪುಸ್ತಕಗಳು ರಾಶಿ ಬಿದ್ದಿವೆ, ರಮಜಾನ್ ಶುರುವಾಗುವುದರೊಳಗೆ ಬೈಂಡ್ ಮಾಡಿ ಕೊಡಬೇಕು. ಮನೆಯಲ್ಲಿ ಉರ್ದು ಮಾತಾಡುವ ಅಬ್ಬಾ ಕಾಗದ ಮಾತ್ರ ಕನ್ನಡದಲ್ಲಿ, ಅದೂ ಪುಸ್ತಕದ ಕನ್ನಡದಲ್ಲಿ ಬರೆಯುತ್ತಾನೆ ಎಂದು ನೀನು ನಗುತ್ತಿದ್ದೆ. ಏನು ಮಾಡಲಿ, ನಲವತ್ತು ವರ್ಷ ನಾನು ರಟ್ಟು ಹಾಕಿದ ಪುಸ್ತಕಗಳೆಲ್ಲ ಕನ್ನಡದವು. ಅಂಟು ಒಣಗುವವರೆಗೆ ಅವನ್ನು ಓದುತ್ತ ಕೂತದ್ದೇ ನನ್ನ ಸಾಲೆ.

ನಿನ್ನ ಜುಲೈ ತಿಂಗಳ ಕಾಗದಕ್ಕೆ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಅದನ್ನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿವೆ. ಅಕ್ಟೋಬರ್ ಹನ್ನೆರಡಕ್ಕೆ ನಿಮ್ಮ ಪ್ರಯೋಗಾಲಯದಲ್ಲಿ ದೊಡ್ಡವರ ಸಭೆ ಇದೆ, ನಿನ್ನ ಅಂಟು ಗಾಜಿನ ಪಾತ್ರೆಯ ಹೊರಗೂ ಕೆಲಸ ಮಾಡುತ್ತದೆ ಎಂದು ತೋರಿಸದಿದ್ದರೆ ಆ ಕೆಲಸವನ್ನೇ ಮುಚ್ಚಿ ನಿನ್ನನ್ನು ಬೇರೆ ಕಡೆ ಹಾಕುತ್ತಾರೆ ಎಂದು ಬರೆದಿದ್ದೆ. ಕೊನೆಗೆ, 'ಸಾಕಾಯಿತು ಅಬ್ಬಾ, ಬಿ.ಎಡ್. ಮಾಡಿಕೊಂಡು ಊರಿಗೇ ಬಂದುಬಿಡುತ್ತೇನೆ' ಎಂದಿದ್ದೆ. ಮಗಳು ಮನೆಗೆ ಬರುತ್ತೇನೆಂದರೆ ಯಾವ ತಂದೆಗೆ ಬೇಡ? ಆದರೆ ನೀನು ಸೋತು ಬರುವುದು ನನಗೆ ಬೇಡವಾಗಿತ್ತು. ಸಮಾಧಾನದ ಮಾತು ಬರೆಯಲು ಕೂತರೆ ಪೆನ್ನು ಓಡಲಿಲ್ಲ. ಹೇಳಲು ನನ್ನ ಬಳಿ ಏನಾದರೂ ಇರಬೇಕಲ್ಲ, ಅದಕ್ಕಾಗಿ ಕಾದೆ. ಈಗ ಇದೆ. ಬೇಟಾ, ನೀನು ಗೆದ್ದೆ. ನಿನ್ನೆ ಮನೋಳಿಯಲ್ಲಿ, ಹನ್ನೊಂದು ಜನ ರೈತರ ಎದುರಿಗೆ, ಹಾಡುಹಗಲಿನಲ್ಲಿ ಗೆದ್ದೆ. ಫೋನಿನಲ್ಲಿ ಕೂಗಿ ಹೇಳಬಹುದಿತ್ತು, ನಿನ್ನ ಅಮ್ಮ ಕಾಶಿಂಬಿಯಂತೂ ಬೂತಿಗೆ ಓಡಲು ಚಪ್ಪಲಿ ಮೆಟ್ಟಿದ್ದಳು. ಫೋನಿನ ಮಾತು ಸಭೆಯಲ್ಲಿ ತೋರಿಸಲು ಬರುವುದಿಲ್ಲ ಎಂದು ನಾನೇ ತಡೆದೆ. ಪ್ರಯೋಗಾಲಯದ ನಿನ್ನ ಸರ್ ಮುಂದೆ ಓದಲು ಅನುಕೂಲವಾಗಲೆಂದು ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿದ್ದದ್ದೂ ಇದರಲ್ಲಿ ಬರುತ್ತದೆ, ಬೇಸರ ಮಾಡಿಕೊಳ್ಳದೆ ಓದು.

ಜನವರಿಯಲ್ಲಿ ಅನ್ನಪೂರ್ಣಾ ನಮ್ಮ ಅಂಗಡಿಗೆ ಬಂದದ್ದು ತನ್ನ ಮಹಿಳಾ ಸಂಘದ ಹಾಜರಿ ಪುಸ್ತಕಕ್ಕೆ ರಟ್ಟು ಹಾಕಿಸಲು. ಮನೋಳಿಯಲ್ಲಿ ಹೊಳೆಯ ದಂಡೆಯ ಹೊಲದಲ್ಲಿ ಆಕೆ ಪಪ್ಪಾಯಿ, ನುಗ್ಗೆ ಸಸಿ ಬೆಳೆಸಿ ಸುತ್ತಲಿನವರಿಗೆ ಕೊಡುತ್ತಾಳೆ. ಎಲ್ಲರಂತೆ ಕರಿ ಪ್ಲಾಸ್ಟಿಕ್ ಚೀಲದಲ್ಲೇ ಬೆಳೆಸುತ್ತಿದ್ದಳು. ಮೂರು ವರ್ಷದ ಹಿಂದೆ ಅವಳ ಮಾವ ನಿಜಗುಣಪ್ಪನವರ ಎತ್ತು ಮೇವು ಬಿಟ್ಟು, ಹೊಟ್ಟೆ ಉಬ್ಬಿಸಿಕೊಂಡು ಸತ್ತಿತು. ದನದ ಡಾಕ್ಟರು ಹೊಟ್ಟೆ ಕೊಯ್ದಾಗ ಬುಟ್ಟಿ ತುಂಬ ಚೀಲಗಳು ಬಂದವು. ಎಲ್ಲ ಅವರದೇ ಸಸಿಮಡಿಯಿಂದ ಹಾರಿ ಬದುವಿಗೆ ಬಿದ್ದವು. ಅಂದಿನಿಂದ ಆ ಹಿರಿಯರು ಹೊಲದಲ್ಲಿ ಪ್ಲಾಸ್ಟಿಕ್ ಕಂಡರೆ ಸೊಸೆಯ ಜೊತೆ ಮಾತು ಬಿಡುತ್ತಿದ್ದರಂತೆ. ಅನ್ನಪೂರ್ಣಾ ಕಂದು ಕಾಗದದ ಚೀಲ ಮಾಡಿ ನೋಡಿದಳು. ಮೈದಾ ಅಂಟಿನವು ಮೂರನೆಯ ನೀರಿಗೆ ಬಿಚ್ಚಿಕೊಂಡವು, ಉಳಿದ ಅಂಟನ್ನು ಇರುವೆ ತಿಂದವು. ಪೇಟೆಯಲ್ಲಿ ಸಿಗುವ ಬಿಸಿ ಅಂಟು ಹಚ್ಚಿದರೆ ಚೀಲ ನಿಲ್ಲುತ್ತಿತ್ತು. ಆದರೆ ಕಾಗದ ಕೊಳೆತ ಮೇಲೂ ಅಂಟು ದಾರದಂತೆ ಬೇರಿಗೆ ಸುತ್ತಿಕೊಂಡು ಹಾಗೇ ಉಳಿಯುತ್ತಿತ್ತು. ನನ್ನ ಮುಂದೆ ಕೂತು ಆಕೆ, "ಕಾಕಾ, ನೀರಾಗ ನಿಂತ್ರ ಬಿಚ್ಚಬಾರದು, ಮಣ್ಣಾಗ ಹೋದ್ರ ಉಳೀಬಾರದು. ಅಂಥಾ ಅಂಟು ನಿಮ್ಮ ಹಂತ್ಯಾಕ ಐತೇನ್ರಿ?" ಎಂದು ಕೇಳಿದಳು. ನನ್ನ ಬಳಿ ಇರಲಿಲ್ಲ. ನನ್ನ ಮಗಳು ಪುಣೆಯಲ್ಲಿ ಇಂಥದ್ದೇ ಏನೋ ಕಾಯಿಸುತ್ತ ಕೂತಿದ್ದಾಳೆ ಎಂದು ನೆನಪಾಯಿತು.

ನೀನು ಫೋನಿನಲ್ಲಿ ಹೇಳಿದ್ದನ್ನು ನಾನು ತಿಳಿದುಕೊಂಡದ್ದು ಹೀಗೆ, ತಪ್ಪಿದ್ದರೆ ತಿದ್ದು. ಪಾಲಿಯೆಸ್ಟರ್‌ನಲ್ಲಿಯೂ ಜಾತಿಗಳಿವೆ. ಬಟ್ಟೆಯದು ಕೊಳೆಯುವುದಿಲ್ಲ. ಆದರೆ ಕೆಲವು ಪಾಲಿಯೆಸ್ಟರ್‌ಗಳ ಸರಪಳಿಯ ಕೊಂಡಿಗಳನ್ನು ನೀರು ಸಡಿಲಿಸುತ್ತದೆ, ಮಣ್ಣಿನ ಸೂಕ್ಷ್ಮ ಜೀವಿಗಳು ತಿಂದು ಮುಗಿಸುತ್ತವೆ. ಅಂಥವು ನಿನ್ನ ಬಳಿ ಎರಡಿವೆ. ಒಂದು ಸಕ್ಕರೆಯನ್ನು ಹುಳಿ ಬರಿಸಿ ಮಾಡಿದ್ದು, ಗಾಜಿನಂತೆ ಗಟ್ಟಿ, ಆದರೆ ಸಿಡಿಯುತ್ತದೆ. ಇನ್ನೊಂದು ಮೇಣದಂತೆ ಮೆದು, ಚೆನ್ನಾಗಿ ಹಿಡಿಯುತ್ತದೆ, ಆದರೆ ಅರವತ್ತು ಡಿಗ್ರಿಗೇ ಕರಗುತ್ತದೆ. ಎರಡನ್ನೂ ಯಾವ ಹದದಲ್ಲಿ ಬೆರೆಸಬೇಕೆನ್ನುವುದೇ ನಿನ್ನ ಮೂರು ವರ್ಷದ ತಪಸ್ಸು. ಇದನ್ನು ಕಾಶಿಂಬಿಗೆ ವಿವರಿಸಿದಾಗ ಅವಳು, "ಪಾಲಿಸ್ಟರ್ ಅಂದ್ರ ಸೀರಿ ಅಲ್ಲೇನ್ರಿ? ನನ್ನ ಮದುವ್ಯಾಗಿನ ಪಾಲಿಸ್ಟರ್ ಸೀರಿ ಇನ್ನೂ ಹರದಿಲ್ಲ. ಅದು ಮಣ್ಣಾಗ ಹೆಂಗ ಕರಗತೈತಿ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ಏಪ್ರಿಲ್‌ನಲ್ಲಿ ನೀನು ಕಳಿಸಿದ ಮೊದಲ ಅರ್ಧ ಕಿಲೋ ಅಂಟಿನಿಂದ ನಾಲ್ಕುನೂರು ಚೀಲ ಮಾಡಿದೆವು. ಸಾಬೂದಾಣಿಯಂತೆ ಬೆಳ್ಳಗಿನ ಕಾಳು, ಕರಗಿಸಿದರೆ ಜೇನಿನಂತೆ ಎಳೆ ಎಳೆ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಬಜಾರಿನವರನ್ನೆಲ್ಲ ಕರೆದು ತೋರಿಸಿದೆ. ಮನೋಳಿಗೆ ಒಯ್ದು ಬಿಚ್ಚಿದರೆ ಅರ್ಧದಷ್ಟು ಚೀಲಗಳ ಅಂಚು ಬಾಯಿ ಬಿಟ್ಟಿತ್ತು. ಅಲ್ಲಿ ನೆರೆದಿದ್ದವರ ಮುಂದೆ ನಿಜಗುಣಪ್ಪನವರು, "ಏನ್ ಬುರಾನಸಾಬ್ರ, ನಿಮ್ಮ ಮಗಳ ಅಂಟು ಮುಂಜಾನಿ ಹಿಡಿತೈತಿ, ಮಧ್ಯಾಹ್ನ ಬಿಡತೈತಿ. ನಮ್ಮ ಅಗಿ ಏನ್ ಅರ್ಧಾ ದಿನದಾಗ ಬೆಳಿತಾವೇನ್ರಿ?" ಎಂದರು. ಸಸಿಗಳಿಗೆ ಇಲ್ಲಿ ಅಗಿ ಎನ್ನುತ್ತಾರೆ, ನಿನ್ನ ಸರ್‌ಗೆ ಹೇಳು. ಜನ ನಕ್ಕರು. ನಾನು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಊರಿಗೆ ಬಂದೆ. ನೀನು ಆ ಸುದ್ದಿ ಕೇಳಿ ಅತ್ತೆ. ಬಿಸಿಲಿಗೆ ತಡೆಯದ ಅಂಟು ಮಾಡಿದೆನಲ್ಲ ಎಂದು ನಿನ್ನನ್ನೇ ಬೈದುಕೊಂಡೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ ಮಗಳೇ, ಆರು ತಿಂಗಳಿನಿಂದ ಬಚ್ಚಿಟ್ಟದ್ದು. ನೆರಳಿನಲ್ಲಿ ಇಡು ಎಂದು ನೀನು ಬರೆದಿದ್ದೆ. ನಾನು ಇಡಲಿಲ್ಲ. ಅಂಗಡಿಯಲ್ಲಿ ಜಾಗವಿಲ್ಲವೆಂದು ತಗಡಿನ ಮಾಡಿನ ಕೆಳಗಿನ ಅಟ್ಟದ ಮೇಲೆ ಎರಡು ದಿನ ಒಟ್ಟಿದ್ದೆ. ಏಪ್ರಿಲ್‌ನ ಮಧ್ಯಾಹ್ನ ಆ ತಗಡಿನ ಕೆಳಗೆ ರೊಟ್ಟಿ ಸುಡಬಹುದು. ಬಾಯಿ ಬಿಟ್ಟದ್ದು ನಿನ್ನ ಅಂಟಲ್ಲ, ನಿನ್ನ ಅಬ್ಬಾನ ಅಜಾಗರೂಕತೆ. ಆವತ್ತೇ ಹೇಳಬೇಕಿತ್ತು. ಕಸುಬುದಾರ ಎಂಬ ಹಮ್ಮು ಬಿಡಲಿಲ್ಲ. ನೀನು ಅದನ್ನು ನಿನ್ನ ಸೋಲೆಂದು ತಿಳಿದು, ಇನ್ನೂ ಹೆಚ್ಚು ಬಿಸಿ ತಡೆಯುವಂತೆ ಅಂಟನ್ನೇ ಬದಲಿಸಲು ಕೂತೆ. ಕ್ಷಮಿಸು ಬೇಟಾ. ಸಭೆಯಲ್ಲಿ ಏಪ್ರಿಲ್‌ನ ವಿಷಯ ಬಂದರೆ ನನ್ನ ತಪ್ಪನ್ನು ನನ್ನ ಹೆಸರಿನಲ್ಲೇ ಹೇಳು.

ಮೇ ತಿಂಗಳಿನ ಎರಡನೆಯ ಪೊಟ್ಟಣದಲ್ಲಿ ನೀನು ಗಟ್ಟಿ ಜಾತಿಯದನ್ನು ಹೆಚ್ಚು ಬೆರೆಸಿದ್ದೆ. ಅದು ಬಿಸಿಲಿಗೆ ಬಗ್ಗಲಿಲ್ಲ ನಿಜ, ಆದರೆ ಚೀಲದ ತಳ ಮಡಚಿದ ಕೂಡಲೇ ಹಪ್ಪಳದಂತೆ ಮುರಿಯಿತು. ಆಗಲೇ ನನಗೆ ನನ್ನ ಅಬ್ಬಾ, ಅಂದರೆ ನಿನ್ನ ದಾದಾ, ನೆನಪಾದದ್ದು. ದೊಡ್ಡ ದೊಡ್ಡ ದಫ್ತರಗಳ ಬೆನ್ನಿಗೆ ಅವರು ಬಿಸಿ ಅಂಟು ಹಾಕುವಾಗ ಚಿಟಿಕೆ ರಾಳ ಬೆರೆಸುತ್ತಿದ್ದರು. ಪೈನ್ ಮರದಿಂದ ಬರುವ, ಕಿರಾಣಿ ಅಂಗಡಿಯಲ್ಲಿ ಜೇನುಬಣ್ಣದ ಕಲ್ಲಿನಂತೆ ಸಿಗುವ ಅದೇ ರಾಳ. ಅದು ಬಿದ್ದರೆ ಅಂಟು ಕಾಗದವನ್ನು ಬೇಗ ಕಚ್ಚುತ್ತದೆ, ಮಡಚಿದರೂ ಸಿಡಿಯುವುದಿಲ್ಲ ಎನ್ನುತ್ತಿದ್ದರು. ಅದನ್ನು ನಿನಗೆ ಫೋನಿನಲ್ಲಿ ಹೇಳಿದೆ. ಓದಿದ ಮಗಳಿಗೆ ಏಳನೆಯ ಇಯತ್ತೆಗೇ ಸಾಲೆ ಬಿಟ್ಟವನು ಏನು ಹೇಳಿದೆನಪ್ಪಾ ಎಂದು ನನಗೆ ನಾಚಿಕೆಯಾಯಿತು. ಮೂರು ವಾರಕ್ಕೆ ಪಾರ್ಸಲ್ ಬಂತು. ಕತ್ತರಿಸಿದ ಕೂಡಲೇ ರಾಳದ ವಾಸನೆ! ಅಂಗಡಿಯಲ್ಲಿ ನಿನ್ನ ದಾದಾ ಬಂದು ನಿಂತಂತಾಯಿತು. ಜೊತೆಗೆ ನಿನ್ನ ಚೀಟಿ, 'ಅಬ್ಬಾ, ದಾದಾ ಹೇಳಿದ್ದು ಸರಿಯಾಗಿತ್ತು.' ಆ ಚೀಟಿ ನನ್ನ ಪಾಕೀಟಿನಲ್ಲಿದೆ.

ಜೂನ್‌ನಲ್ಲಿ ಮೂರು ಕಿಲೋ ಅಂಟಿನಲ್ಲಿ ಎರಡು ಸಾವಿರದ ನಾಲ್ಕುನೂರು ಚೀಲ ಮಾಡಿದೆವು. ಒಂದಕ್ಕೆ ಸುಮಾರು ಒಂದು ಗ್ರಾಮು ಹಿಡಿಯಿತು, ಉಳಿದದ್ದು ಸುರುವಿ ಹಾಳಾದದ್ದು. ನಾನು ಕಂದು ಕಾಗದ ಎರಡು ಪದರ ಮಾಡಿ ಅಳತೆಗೆ ಕತ್ತರಿಸಿದೆ. ನಿನ್ನ ಅಮ್ಮ, ಪಕ್ಕದ ಮನೆಯ ಸುಂದರವ್ವ, ಅವಳ ಇಬ್ಬರು ಸೊಸೆಯಂದಿರು ನಮ್ಮ ಪಡಸಾಲೆಯಲ್ಲಿ ಕೂತು ಕಟ್ಟಿಗೆಯ ಅಚ್ಚಿಗೆ ಸುತ್ತಿ ಮಡಚಿದರು. ನೀನು ಕಳಿಸಿದ ಪಿಸ್ತೂಲಿನಂಥ ಉಪಕರಣದಿಂದ ಅಂಟು ಹಾಕುವ ಕೆಲಸ ಕಾಶಿಂಬಿಯದು. ಮೊದಲ ದಿನ ಅದನ್ನು ಮುಟ್ಟಲೂ ಹೆದರಿದವಳು ಮೂರನೆಯ ದಿನ ಯಾರ ಕೈಗೂ ಕೊಡಲಿಲ್ಲ. ಒಂದು ದಿನ ಮಳೆಯ ಹವೆಯಲ್ಲಿ ಡಬ್ಬಿಯ ಮುಚ್ಚಳ ತೆರೆದೇ ಉಳಿಯಿತು. ಮರುದಿನ ಅಂಟು ಗಂಜಿಯಂತೆ ತೆಳ್ಳಗೆ ಹರಿಯತೊಡಗಿತು. ನಾನು ಗಮನಿಸಲಿಲ್ಲ. ಅವಳೇ, "ಇದು ನಿನ್ನಿಗತೆ ಇಲ್ಲರಿ, ಎಳಿ ಬರಾವಲ್ದು" ಎಂದು ಕೆಲಸ ನಿಲ್ಲಿಸಿದಳು. ತೇವ ಹಿಡಿದ ಕಾಳನ್ನು ಕರಗಿಸಿದರೆ ಸರಪಳಿ ಅಲ್ಲೇ ತುಂಡಾಗುತ್ತದೆ ಎಂದು ನೀನು ಎಚ್ಚರಿಸಿದ್ದೆಯಲ್ಲ, ಅದು ಇದೇ. ಅಷ್ಟು ಕಾಳನ್ನು ಬೇರೆ ತೆಗೆದಿಟ್ಟೆವು. ಆದರೆ ಅವಳು ನೋಡುವ ಮೊದಲೇ ಒಂದಷ್ಟು ಚೀಲಗಳಿಗೆ ಆ ಅಂಟು ಬಿದ್ದಿತ್ತು. ಯಾವುವೆಂದು ಗುರುತು ಸಿಗಲಿಲ್ಲ, ಅವೂ ಮನೋಳಿಗೆ ಹೋದವು.

ಜೂನ್ ಹದಿನಾರಕ್ಕೆ ಶಾನವಾಜ ಎಲ್ಲವನ್ನೂ ಟೆಂಪೋದಲ್ಲಿ ಒಯ್ದ. ಅನ್ನಪೂರ್ಣಾ ಮಣ್ಣು, ಗೊಬ್ಬರ ತುಂಬಿ ಬೀಜ ಹಾಕಿದಳು. ಅಂದಿನಿಂದ ಪ್ರತಿ ರವಿವಾರ ನಾನು ಬಸ್ಸು ಹತ್ತಿ ಮನೋಳಿಗೆ ಹೋಗುವುದು, ಸಸಿಯ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂರಲಾಗದೆ ಬಗ್ಗಿ ಬಗ್ಗಿ ಅಂಚು ಮುಟ್ಟಿ ನೋಡುವುದು. ನಿಜಗುಣಪ್ಪನವರು ಹೊರಸಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಒಂದು ರವಿವಾರ ಚಹಾ ಕಳಿಸಿದರು, ತಾವು ಮಾತ್ರ ಹೊರಸಿನಿಂದ ಏಳಲಿಲ್ಲ.

ನಾಲ್ಕನೆಯ ವಾರ ಮೂರು ದಿನ ಬಿಡದೆ ಮಳೆ ಸುರಿಯಿತು. ಹಳ್ಳದ ನೀರು ಸಸಿಮಡಿಗೆ ನುಗ್ಗಿ ಗೇಣುದ್ದ ನಿಂತಿದೆ ಎಂದು ಅನ್ನಪೂರ್ಣಾ ಫೋನು ಮಾಡಿಸಿದಳು. ನೀನು ಆಗಲೇ ಬಿ.ಎಡ್. ಕಾಗದ ಬರೆದಿದ್ದೆ. ಆ ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಮೊದಲ ಬಸ್ಸಿಗೆ ಹೋದೆ. ದಾರಿಯಲ್ಲಿ ಎಲ್ಲ ಹೊಲದಲ್ಲೂ ನೀರು. ಇವತ್ತು ಎಲ್ಲ ಮುಗಿಯಿತು, ಇವಳಿಗೆ ಏನೆಂದು ಬರೆಯಲಿ ಎಂದು ಯೋಚಿಸುತ್ತಲೇ ಇಳಿದೆ. ಹೋಗಿ ನೋಡಿದರೆ ಅನ್ನಪೂರ್ಣಾ ಸೀರೆ ಎತ್ತಿ ಕಟ್ಟಿ, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಚೀಲಗಳನ್ನು ಒಂದೊಂದಾಗಿ ಎತ್ತಿ ದಿಬ್ಬದ ಮೇಲೆ ಇಡುತ್ತಿದ್ದಾಳೆ. ಕಾಗದ ನೆನೆದು ಬಟ್ಟೆಯಂತಾಗಿತ್ತು, ಒತ್ತಿದರೆ ಬೆರಳು ಮೂಡುತ್ತಿತ್ತು. "ಕಾಕಾ, ಇಲ್ಲಿ ನೋಡ್ರಿ" ಎಂದು ಒಂದು ಚೀಲವನ್ನು ಅಂಟಿನ ಅಂಚಿನಲ್ಲೇ ಹಿಡಿದು ಮೇಲೆತ್ತಿದಳು. ಒಳಗೆ ಒದ್ದೆ ಮಣ್ಣಿನ ಭಾರ, ಮೇಲೆ ಬೆರಳುದ್ದದ ಪಪ್ಪಾಯಿ. ಅಂಚು ಬಿಡಲಿಲ್ಲ. ನಾನೂ ನೀರಿಗಿಳಿದೆ. ಮಧ್ಯಾಹ್ನದವರೆಗೆ ಇಬ್ಬರೂ ಎತ್ತಿದೆವು, ಆಮೇಲೆ ಅವಳ ಸಂಘದ ಹೆಣ್ಣುಮಕ್ಕಳೂ ಬಂದರು. ಸಂಜೆ ಎಣಿಸಿದಾಗ ಬಿಚ್ಚಿದವು ಅರವತ್ತೊಂದು. ಆ ತೇವದ ಕಾಳಿನ ಚೀಲಗಳು ಅವೇ ಇರಬೇಕು ಎಂದು ನನ್ನ ಲೆಕ್ಕಾಚಾರ, ಖಾತ್ರಿ ಹೇಳಲಾರೆ. ಉಳಿದ ಎರಡು ಸಾವಿರದ ಮುನ್ನೂರ ಮೂವತ್ತೊಂಬತ್ತು ಗಟ್ಟಿಯಾಗಿ ನಿಂತವು. ಅವತ್ತೇ ನಿನಗೆ ತಿಳಿಸಬೇಕೆಂದು ಬಾಯಿಯವರೆಗೆ ಬಂದಿತ್ತು. ಆದರೆ ಅರ್ಧ ಗೆಲುವನ್ನು ಹೇಳಿ, ಮಣ್ಣಿನಲ್ಲಿ ಅದು ಕರಗದೆ ಹೋದರೆ? ಅನ್ನಪೂರ್ಣಾ ಕೇಳಿದ್ದು ಎರಡು ಮಾತು. ಒಂದಕ್ಕೆ ಮಾತ್ರ ಉತ್ತರ ಸಿಕ್ಕಿತ್ತು.

ಆಗಸ್ಟ್ ಒಂದನೆಯ ತಾರೀಖಿಗೆ ಸಸಿಗಳನ್ನು ಚೀಲದ ಸಮೇತ ಗುಣಿಯಲ್ಲಿ ಇಟ್ಟು ಮಣ್ಣು ಮುಚ್ಚಿದರು. ಪಪ್ಪಾಯಿಯ ಬೇರಿಗೆ ಗಾಸಿಯಾದರೆ ಗಿಡ ಮಂಕಾಗುತ್ತದೆ, ಚೀಲ ಹರಿಯದೆ ನೆಟ್ಟದ್ದಕ್ಕೆ ಒಂದೂ ಬಾಡಲಿಲ್ಲ. ಅದೇ ದಿನ ನಿಜಗುಣಪ್ಪನವರು ಯಾರಿಗೂ ಹೇಳದೆ ತಮ್ಮದೇ ಒಂದು ಪರೀಕ್ಷೆ ಇಟ್ಟಿದ್ದರು ಎಂದು ನನಗೆ ತಿಳಿದದ್ದು ನಿನ್ನೆ. ಪೇಟೆಯ ಬಿಸಿ ಅಂಟಿನ ಹಳೆಯ ಚೀಲದಲ್ಲಿ ಬೆಳೆದ ಒಂದು ಸಸಿಯನ್ನೂ ಅದೇ ಸಾಲಿನಲ್ಲಿ ನೆಟ್ಟು ಕಲ್ಲು ಇಟ್ಟಿದ್ದರು. ನಿನ್ನ ಅಂಟಿನ ಒಂದು ಬರಿ ಚೀಲವನ್ನು ನೀರು ಹಾಯದ ಬದುವಿನಲ್ಲಿ ಹೂತು ಅಲ್ಲಿಯೂ ಕಲ್ಲು ಇಟ್ಟಿದ್ದರು. ಸಾಲೆ ಕಲಿಯದ ಆ ಮುದುಕರು ನಿಮ್ಮ ಪ್ರಯೋಗಾಲಯದವರಂತೆಯೇ ಯೋಚಿಸಿದ್ದರು ನೋಡು.

ನಿನ್ನೆ ಗಾಂಧಿ ಜಯಂತಿ, ಅಂಗಡಿ ಮುಚ್ಚಿತ್ತು. ಬನ್ನಿ ಎಂದು ಅವರೇ ಹೇಳಿ ಕಳಿಸಿದ್ದರು. ಕಾಶಿಂಬಿ ತಾನೂ ಬರುವೆನೆಂದು ಬುರ್ಖಾ ಹಾಕಿಕೊಂಡು ಟೆಂಪೋದ ಮುಂದಿನ ಸೀಟಿನಲ್ಲಿ ನನಗಿಂತ ಮೊದಲು ಕೂತಿದ್ದಳು. ಹೊಲದಲ್ಲಿ ಮನೋಳಿಯವರು, ಸಂಗೊಳ್ಳಿಯವರು ಸೇರಿ ಹನ್ನೊಂದು ಜನ ರೈತರು ನಿಂತಿದ್ದರು. ಏಪ್ರಿಲ್‌ನಲ್ಲಿ ನಕ್ಕವರೂ ಅವರಲ್ಲಿ ಇದ್ದರು. ಪಪ್ಪಾಯಿ ಗಿಡಗಳು ನನ್ನ ಸೊಂಟದೆತ್ತರ ಬಂದಿದ್ದವು. ಒಂದನ್ನು ಅಗೆಯಿರಿ ಎಂದರು ನಿಜಗುಣಪ್ಪ. ಅನ್ನಪೂರ್ಣಾಳ ಮುಖ ಸಣ್ಣದಾಯಿತು, ಹೂಬಿಡುವ ಗಿಡ ಕೀಳಲು ಯಾರಿಗೆ ಮನಸ್ಸು ಬರುತ್ತದೆ? "ಒಂದು ಗಿಡ ಹೋದ್ರ ಹೋಗ್ಲಿ ಬಿಡವಾ. ಕಣ್ಣಿಲೆ ನೋಡಿ ನಂಬಬೇಕು" ಎಂದರು. ಯಾವ ಗಿಡವೆಂದು ನಮ್ಮವರು ಯಾರೂ ಆರಿಸಬಾರದು. ಸಂಗೊಳ್ಳಿಯ ಮಹಾಂತಪ್ಪನೆಂಬ ರೈತ ಮೂರನೆಯ ಸಾಲಿನ ಏಳನೆಯ ಗಿಡಕ್ಕೆ ಬೆರಳು ಮಾಡಿದ.

ಸುತ್ತಲೂ ಅಗೆದು ಬೇರಿನ ಹೆಂಟೆಯನ್ನು ಹಾಗೇ ಎತ್ತಿ ಬುಟ್ಟಿಯಲ್ಲಿ ಇಟ್ಟರು. ನಿಜಗುಣಪ್ಪನವರು ನೆಲದ ಮೇಲೆ ಕೂತು, ತಂಬಿಗೆಯಿಂದ ಸ್ವಲ್ಪ ಸ್ವಲ್ಪವೇ ನೀರು ಹಾಕಿ, ಬೆರಳಿನಿಂದ ಮಣ್ಣು ಸರಿಸತೊಡಗಿದರು. ಕಾಗದದ ಕಪ್ಪು ಚೂರುಗಳು ಅಲ್ಲಲ್ಲಿ ಸಿಕ್ಕವು. ಅಂಚು ಇರಬೇಕಾದ ಜಾಗಕ್ಕೆ ಬಂದರು. ಬೇರುಗಳು ಅಲ್ಲಿಂದಲೇ ಹೊರಗೆ ಹಾದು ಹೋಗಿದ್ದವು, ನಡುವೆ ಏನೂ ಅಡ್ಡವಿಲ್ಲ. ಮತ್ತೆ ನೀರು ಹಾಕಿದರು, ಇನ್ನೊಂದು ಬದಿಗೆ ತಿರುಗಿಸಿದರು, ತಳ ನೋಡಿದರು. ಕೊನೆಗೆ ತಲೆ ಎತ್ತಿ, "ಎಲ್ಲೈತ್ರಿ ಬುರಾನಸಾಬ್ರ ನಿಮ್ಮ ಅಂಟು?" ಎಂದರು. ಕಾಶಿಂಬಿ ಹಿಂದಿನಿಂದ, "ಮಣ್ಣಾಗೇತ್ರಿ ಯಜಮಾನ್ರ, ಮಣ್ಣಾಗೇತಿ!" ಎಂದು ಕೂಗಿಬಿಟ್ಟಳು. ಮಹಾಂತಪ್ಪ ಹೆಂಟೆಯನ್ನು ತನ್ನ ಕೈಗೆ ತೆಗೆದುಕೊಂಡು ಹುಡುಕಿದ, ಉಳಿದವರೂ ಹುಡುಕಿದರು. ಸಾಸಿವೆಯಷ್ಟು ದೊಡ್ಡ ನಾಲ್ಕಾರು ಬಿಳಿ ಕಣ ಸಿಕ್ಕವು, ಉಗುರಿಗೆ ಪುಡಿಯಾದವು. ಆಮೇಲೆ ಕಲ್ಲಿಟ್ಟ ಇನ್ನೊಂದು ಗಿಡ ಅಗೆದರು. ಪೇಟೆಯ ಅಂಟು ನಿನ್ನೆ ಹಚ್ಚಿದಂತೆ ಇತ್ತು, ಬಲವಾದ ಒಂದು ಬೇರನ್ನು ಉರುಲಿನಂತೆ ಬಿಗಿದಿತ್ತು. ನಿಜಗುಣಪ್ಪನವರು ಅದನ್ನು ಜಗ್ಗಿ ತೆಗೆದು ಎಲ್ಲರಿಗೂ ತೋರಿಸಿದರು. ಬಹಳ ಹೊತ್ತು ಅದನ್ನೇ ಹಿಡಿದು ಕೂತಿದ್ದರು. ಎತ್ತಿನ ನೆನಪು ಬಂದಿರಬೇಕು. ಆಮೇಲೆ ನನ್ನ ಕಡೆ ತಿರುಗಿ, "ಏಪ್ರಿಲ್ದಾಗ ನಾಲ್ಕು ಮಂದಿ ಮುಂದ ಒಂದು ಮಾತ ಅಂದಿದ್ನಿ. ಇವತ್ತ ಹನ್ನೊಂದು ಮಂದಿ ಮುಂದ ವಾಪಸ್ ತೊಗೊಂಡೇನ್ರಿ. ನಿಮ್ಮ ಮಗಳು ಶಾಣ್ಯಾಕಿ ಅದಾಳ" ಎಂದು ಕೈಮುಗಿದರು. ನಾನು ಆ ಕೈಗಳನ್ನು ಹಿಡಿದುಕೊಂಡೆ.

ಸುಳ್ಳು ಬರೆಯುವುದಿಲ್ಲ, ಬದುವಿನಲ್ಲಿ ಹೂತ ಚೀಲದ ಸುದ್ದಿಯನ್ನೂ ಕೇಳು. ಅಲ್ಲಿ ಗೊಬ್ಬರವಿಲ್ಲ, ನೀರಿಲ್ಲ. ಅಂಟಿನ ಪಟ್ಟಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಮಡಚಿದರೆ ಪಟಕ್ಕನೆ ಮುರಿಯುತ್ತಿತ್ತು, ಬಣ್ಣ ಮಾಸಿತ್ತು. ಹಸಿ ಇದ್ದಲ್ಲಿ ಎರಡು ತಿಂಗಳಿಗೆ ಹೋಗುತ್ತದೆ, ಒಣ ನೆಲದಲ್ಲಿ ತಡ ಮಾಡುತ್ತದೆ ಎಂದು ಸಭೆಯಲ್ಲಿ ಮುಚ್ಚಿಡದೆ ಹೇಳು. ಮೂರೂ ಮಾದರಿಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ, ಯಾವುದು ಎಲ್ಲಿಯದು ಎಂದು ಚೀಟಿ ಅಂಟಿಸಿದ್ದೇನೆ. ಹನ್ನೊಂದು ಜನರ ಸಹಿ, ಹೆಬ್ಬೆಟ್ಟು ಇರುವ ಹಾಳೆ ಬೇರೆ ಇದೆ. ನೆಟ್ಟ ದಿನ, ಅಗೆದ ದಿನ, ನಿಂತ ಚೀಲ, ಬಿಚ್ಚಿದ ಚೀಲ ಎಲ್ಲವನ್ನೂ ಅನ್ನಪೂರ್ಣಾ ತನ್ನ ಕೈಯಾರೆ ಬರೆದುಕೊಟ್ಟಿದ್ದಾಳೆ.

ಮರಳಿ ಬರುವಾಗ ಸವದತ್ತಿಯಲ್ಲಿ ಟೆಂಪೋ ನಿಲ್ಲಿಸಿ ಶಾನವಾಜ ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಿದ. ಪುಸ್ತಕದ ಹಾಳೆ ಬಿಡದಂತೆ ಅಂಟಿಸುವುದರಲ್ಲೇ ನನ್ನ ಆಯುಷ್ಯ ಕಳೆಯಿತು ಬೇಟಾ. ಅಂಟು ಕಾಣದಾಯಿತೆಂದು ಕಣ್ಣಲ್ಲಿ ನೀರು ತಂದುಕೊಂಡು ಭಜಿ ತಿಂದ ಬೈಂಡರ್ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಖಾರಕ್ಕೆ ಎಂದು ಶಾನವಾಜನಿಗೆ ಹೇಳಿದೆ. ನಿನ್ನ ಅಮ್ಮನ ಸಂಭ್ರಮ ಕೇಳಬೇಡ. ರಾಮದುರ್ಗದ ನಿನ್ನ ಖಾಲಾ ಹೋದ ಸಲ ಬಂದಾಗ ಮಗಳು ಏನು ಮಾಡುತ್ತಾಳೆ ಎಂದು ಕೇಳಿದ್ದಕ್ಕೆ ಇವಳು, "ಏನೋ ಅಂಟು ಕಾಯಿಸ್ತಾಳವಾ" ಎಂದು ಮಾತು ಹಾರಿಸಿದ್ದಳು. ಇವತ್ತು ಬೆಳಿಗ್ಗೆ ಅವರಿಗೆ ಫೋನು ಮಾಡಿ ಅರ್ಧ ತಾಸು ಪಾಲಿಯೆಸ್ಟರ್‌ನ ಜಾತಿಗಳನ್ನು ವಿವರಿಸಿದಳು. ಎಲ್ಲಿ ತಪ್ಪಿದಳೋ ನನಗೆ ತಿಳಿಯಲಿಲ್ಲ, ಕೇಳಿದವರಿಗಂತೂ ತಿಳಿದಿರಲಿಕ್ಕಿಲ್ಲ.

ಹನ್ನೆರಡರ ಸಭೆಗೆ ಹೆದರಬೇಡ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗು, ಹೊಟ್ಟೆ ತುಂಬ ತಿಂದು ಹೋಗು. ನಿನ್ನ ಸರ್‌ಗೆ ನನ್ನ ಆದಾಬ್ ಹೇಳು. ಅಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟಂತೆ ತಿಳಿ ಎಂದಿದ್ದಾಳೆ. ಸುಂದರವ್ವ, ಅನ್ನಪೂರ್ಣಾ ಇಬ್ಬರೂ ನೆನಪು ತಿಳಿಸಿದ್ದಾರೆ. ನಿಜಗುಣಪ್ಪನವರು ಆಶೀರ್ವಾದ ಕಳಿಸಿದ್ದಾರೆ, ಅದನ್ನು ಎರಡು ಸಲ ಹೇಳಿ ಕಳಿಸಿದರು. ಅಲ್ಲಾಹನು ನಿನ್ನ ಕೈಗೆ ಇನ್ನಷ್ಟು ಬರಕತ್ ಕೊಡಲಿ.

ನಿನ್ನ ಅಬ್ಬಾ,
ಬುರಾನಸಾಬ

ತಾಜಾ ಕಲಂ: ಬೆಳಗಾವಿಯಿಂದ ಪುಣೆಗೆ ಹೊರಟ ಬಸ್ಸಿನ ಡ್ರೈವರ್ ಕೈಯಲ್ಲಿ ಪಾರ್ಸಲ್ ಕೊಡಲು ಶಾನವಾಜ ಬಾಗಿಲಲ್ಲಿ ಹಾರ್ನ್ ಒತ್ತುತ್ತಿದ್ದಾನೆ. ಮುಖ್ಯ ಮಾತೇ ಬಿಟ್ಟಿದ್ದೆ. ನಿನ್ನೆ ಹೊಲದಿಂದ ಹೊರಡುವಾಗ ಆ ಹನ್ನೊಂದು ಜನರೂ ಅನ್ನಪೂರ್ಣಾಳನ್ನು ಮುಂದೆ ಮಾಡಿಕೊಂಡು ಬಂದರು. ಫೆಬ್ರುವರಿಯ ನಾಟಿಗೆ ಅವರಿಗೆ ಇಪ್ಪತ್ತು ಸಾವಿರ ಚೀಲ ಬೇಕಂತೆ, ಡಿಸೆಂಬರ್ ಮೊದಲ ವಾರದೊಳಗೆ. ನೀನು ಒಂದು ಸಲಕ್ಕೆ ಎರಡು ಕಿಲೋ ಅಂಟು ಮಾತ್ರ ಮಾಡುತ್ತೀ ಎಂದು ನನಗೆ ಗೊತ್ತು. ಇಪ್ಪತ್ತೈದು ಕಿಲೋ ಬೇಕಾದೀತು. ನಿನ್ನನ್ನು ಕೇಳದೆ ಹೂಂ ಎಂದುಬಿಟ್ಟಿದ್ದೇನೆ, ಬೈಯಬೇಡ. ಸಭೆಯಲ್ಲಿ ಮೊದಲು ಇದನ್ನೇ ಹೇಳು. ಅವರು ಪರೀಕ್ಷೆ ಮಾಡಲು ಕೇಳುತ್ತಿಲ್ಲ ಬೇಟಾ, ತಮಗೆ ಬೇಕು ಎಂದು ಕೇಳುತ್ತಿದ್ದಾರೆ.